ಒಂದು ಓಟೆ ಕಡಿಮೆ

ಪ್ಲಮ್ಮಿಗೊಂದು ಹೊಲಿಗೆಯಿದೆ,
ತೊಟ್ಟಿನಿಂದ ತುದಿಯವರೆಗೆ, ಉಗುರಿಗೆ ಸಿಗುವಷ್ಟು ತಗ್ಗು.
ಅತ್ತೆ ವಾಲ್ಬುರ್ಗಾ ಕಣ್ಣು ಮುಚ್ಚಿಕೊಂಡೂ ಅದನ್ನು ಹುಡುಕುತ್ತಾಳೆ,
ಚಾಕುವನ್ನು ಅಲ್ಲಿಗೇ ಊರುತ್ತಾಳೆ.
'ಹಣ್ಣು ತಾನೇ ದಾರಿ ಮಾಡಿಟ್ಟಿದೆ,
ನೀನ್ಯಾಕೆ ಹೊಸದು ಕೊರೆಯುತ್ತೀ?'

ನಾನು ಉತ್ತರದ ಬಂದರಿನವಳು,
ಹೆರಿಂಗ್ ಮೀನಿನ ಹೊಟ್ಟೆ ಸೀಳಿ ಬೆಳೆದ ಕೈ.
ಸೊಸೆಯಾಗಿ ಬವೇರಿಯಾಕ್ಕೆ ಬಂದ ಮೊದಲ ಆಗಸ್ಟಿನಲ್ಲಿ
ಒಂದು ಬುಟ್ಟಿ ಹಣ್ಣನ್ನು ಪೂರ್ತಿ ಎರಡು ಹೋಳು ಮಾಡಿಟ್ಟಿದ್ದೆ.
ಅತ್ತೆ ಬೈಯಲಿಲ್ಲ. ಅದಷ್ಟನ್ನೂ ಜಾಮಿಗೆ ಸುರಿದು
ನನ್ನ ಕೈಗೆ ಪೊರಕೆ ಕೊಟ್ಟಳು.

ಎರಡಾಗಬಾರದು. ಬೆನ್ನು ಕೂಡಿರಬೇಕು.
ಬಾಯಿ ತೆರೆದ ಚಿಲ್ಲರೆ ಚೀಲದ ಹಾಗೆ ಅರಳಿಸಿ
ಹೆಬ್ಬೆರಳಿನಿಂದ ಓಟೆಯನ್ನು ಮೀಟಬೇಕು,
ಎರಡೂ ತುದಿಗೆ ಒಂದೊಂದು ಕಚ್ಚು.
ಆಮೇಲೆ, ಉಬ್ಬಿ ಕೂತ ಹಿಟ್ಟಿನ ಹಾಸಿಗೆಯ ಮೇಲೆ
ಎರಡು ಹಿಡಿ ರವೆ ಉದುರಿಸಿ,
ಮಾಡಿಗೆ ಹೆಂಚು ಹೊದಿಸಿದಂತೆ
ಒಂದರ ಹೆಗಲಿಗೆ ಇನ್ನೊಂದನ್ನು ಒರಗಿಸುತ್ತ ಹೋಗಬೇಕು.
ಸಕ್ಕರೆ? ಈಗಲ್ಲ.
ಬೇಯುವ ಮೊದಲು ಸಕ್ಕರೆ ಕಂಡರೆ
ಹಣ್ಣು ಅಳುತ್ತದೆ, ಹಿಟ್ಟು ನೆನೆಯುತ್ತದೆ.

ಹುಳ ಇದ್ದರೆ?
ಹುಳದ ಭಾಗ ಕೋಳಿಗೆ, ಉಳಿದದ್ದು ನಮಗೆ.
ಕಣಜ ಬಂದರೆ?
ಬರಲಿ ಬಿಡು, ಅದೂ ಆಗಸ್ಟಿಗೇ ಹುಟ್ಟಿದ್ದು.

ಕೊನೆಗೆ ಎಣಿಕೆ.
ಹತ್ತು ಹತ್ತರ ಗುಡ್ಡೆ, ಮೇಜಿನ ಮೇಲೆ,
ಒದ್ದೆ ಓಟೆಗಳದ್ದು.
ಹಿಂದೊಮ್ಮೆ ಅಂಚೆಯವನ ದವಡೆಹಲ್ಲು ಮುರಿದಂದಿನಿಂದ
ಈ ಮನೆಯಲ್ಲಿ ಲೆಕ್ಕವಿಲ್ಲದೆ ತಟ್ಟೆ ಓವನ್ನಿಗೆ ಹೋಗಿದ್ದಿಲ್ಲ.

ಆ ವರ್ಷ ಮಾತ್ರ ಹೋಯಿತು.
ಮೈದುನ ಕ್ವಿರಿನ್ ಹೇಳದೆ ಕೇಳದೆ ಬಂದು
ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ.
ಮಾವ ಸತ್ತ ಮೇಲೆ, ಕೆಳಗಿನ ಸಾಲಿನ ಹನ್ನೊಂದು ಮರ ಯಾರವೆಂದು
ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷ.
ಗಡಿಬಿಡಿಯಲ್ಲಿ ತಟ್ಟೆ ಒಳಗೆ ತಳ್ಳಿದೆವು.
ಆಮೇಲೆ ಎಣಿಸಿದೆವು.
ಹಣ್ಣು ನೂರ ಮೂವತ್ತು.
ಓಟೆ, ಕೊನೆಯ ಗುಡ್ಡೆಯಲ್ಲಿ ಒಂಬತ್ತು.
ಮತ್ತೆ ಎಣಿಸಿದೆವು. ಒಂಬತ್ತೇ.

ಅತ್ತೆ ಮೇಜಿನ ತಲೆಯಲ್ಲಿ ಕೂತು ಹೇಳಿದಳು:
'ಒಳಗೊಂದು ಓಟೆ ಇದೆ. ಯಾರ ಪಾಲಿಗೋ ಗೊತ್ತಿಲ್ಲ.'

ಗಬಗಬ ತಿಂದು ಎದ್ದುಹೋಗುವ ಮನೆ ಅದು.
ಅವತ್ತು ಎಲ್ಲರೂ ನಾಲಗೆಯಿಂದ ತಡಕಿ ತಡಕಿ ತಿಂದರು,
ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಹಾಗೆ.
ಗಡಿಯಾರ ಕೇಳುತ್ತಿತ್ತು. ಫೋರ್ಕು ಕೇಳುತ್ತಿತ್ತು.
ಅಷ್ಟು ನಿಧಾನ ತಿಂದರೆ ಹಣ್ಣಿಗೆ ರುಚಿ ಬರದೆ ಇರುತ್ತದೆಯೇ?

'ಇದು ನಾಲ್ಕನೆಯ ಮರದ್ದು,' ಅಂದ ಕ್ವಿರಿನ್,
ತಟ್ಟೆಗೆ ಹೇಳಿದಂತೆ.
'ಐದನೆಯದು,' ಅಂದ ನನ್ನ ಗಂಡ ಅಲೋಯಿಸ್,
ಅವನೂ ತಟ್ಟೆಗೇ.
'ನಾಲ್ಕು. ಐದರದ್ದು ಸಿಪ್ಪೆಯ ಹತ್ತಿರ ಹುಳಿ.'
'ನಿನಗೆ ಚಿಕ್ಕಂದಿನಿಂದಲೂ ಎಣಿಸೋಕೆ ಬರೋದಿಲ್ಲ.'
ಬೇಲಿಯ ಕಡೆಯಿಂದ ಎಣಿಸಬೇಕೋ, ಬಾವಿಯ ಕಡೆಯಿಂದಲೋ
ಎಂಬ ಜಗಳ ಹತ್ತಿ, ಇಬ್ಬರೂ ಟಾರ್ಚು ಹಿಡಿದು
ಕೆಳಗಿನ ಸಾಲಿಗೆ ನಡೆದರು.
ಓಟೆ ಯಾರಿಗೂ ಸಿಗಲಿಲ್ಲ.

ಸೋಮವಾರ ಬಟ್ಟೆ ಒಗೆಯುವಾಗ
ನನ್ನ ಏಪ್ರನ್ನಿನ ಜೇಬಿನ ಮೂಲೆಯಲ್ಲಿತ್ತು,
ಒಣಗಿ, ಅಂಚಿಗೆ ನೂಲು ಸುತ್ತಿಕೊಂಡು.
ಒರೆಸಿ ಮತ್ತೆ ಅಲ್ಲಿಗೇ ಹಾಕಿದೆ.

ಈಗ ಎಣಿಸುವ ಕೆಲಸ ನನ್ನದು.
ಅತ್ತೆಗೆ ಗುಡ್ಡೆಗಳು ಮಸುಕು, ಚಾಕು ಮಾತ್ರ ಅವಳದೇ.
'ಸರಿ ಬಂತಾ?' ಕೇಳುತ್ತಾಳೆ.
'ಒಂದು ಕಡಿಮೆ.'
ಕತ್ತೆತ್ತುವುದಿಲ್ಲ ಅವಳು,
ಹೊಲಿಗೆಗೆ ಉಗುರಿಟ್ಟ ಹಾಗೆಯೇ ಅನ್ನುತ್ತಾಳೆ:
'ಹಾಗಾದರೆ ಕ್ವಿರಿನ್‌ಗೂ ಹೇಳಿ ಕಳಿಸು.'